ಅತಿಥಿ ನೌಕೆಯ ಎರಡು ಧ್ವಜಗಳು

ಮುಂಬಯಿಯ ಇಂದಿರಾ ಡಾಕ್‌ನಲ್ಲಾಗಲಿ, ಕೊಲ್ಲಿಯ ಆಚೆ ದಡದ ನ್ಹಾವಾ ಶೇವಾದಲ್ಲಾಗಲಿ ಬಂದು ನಿಲ್ಲುವ ವಿದೇಶೀ ಹಡಗುಗಳನ್ನು ಗಮನವಿಟ್ಟು ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬಿದ್ದಿರಬಹುದು. ಹಡಗಿನ ಹಿಂಭಾಗದಲ್ಲಿ ಅದು ನೋಂದಣಿಯಾದ ದೇಶದ ಬಾವುಟ ಹಾರುತ್ತಿರುತ್ತದೆ. ಮೇಲೆ, ಕೂವೆಕಂಬದ ಬಲಮಗ್ಗುಲಿನಲ್ಲಿ, ನಮ್ಮ ತ್ರಿವರ್ಣ ಧ್ವಜ ಹಾರುತ್ತಿರುತ್ತದೆ. ಇದಕ್ಕೆ ಸೌಜನ್ಯ ಧ್ವಜವೆಂದು ಹೆಸರು. ಕೆಂಪು ಬಟ್ಟೆಯ ಮೂಲೆಯಲ್ಲಿ ತ್ರಿವರ್ಣವನ್ನು ಧರಿಸಿದ ಭಾರತೀಯ ವಾಣಿಜ್ಯ ನೌಕೆಯೂ ಕೊಲಂಬೊ ಅಥವಾ ಸಿಂಗಪುರವನ್ನು ಹೊಕ್ಕಾಗ ಆಯಾ ದೇಶದ ಧ್ವಜವನ್ನು ಹೀಗೆಯೇ ಏರಿಸುತ್ತದೆ.

ಈ ಪದ್ಧತಿ ಹುಟ್ಟಿದ್ದು ನಾವಿಕರ ಸಂಪ್ರದಾಯದಿಂದಲೇ ಹೊರತು ಅಂತರರಾಷ್ಟ್ರೀಯ ಒಪ್ಪಂದದಿಂದಲ್ಲ. ಕೆಲವು ದೇಶಗಳು ಅದನ್ನು ಕಡ್ಡಾಯಗೊಳಿಸಿರುವುದುಂಟು. ಆದರೆ ಅದರ ಜೀವಾಳ ಸೌಜನ್ಯವೇ. ಸೌಜನ್ಯ ಧ್ವಜವನ್ನು ಏರಿಸಿದ ಮಾತ್ರಕ್ಕೆ ಹಡಗಿನ ನೋಂದಣಿ ಬದಲಾಗುವುದಿಲ್ಲ, ಹಿಂಭಾಗದ ಸ್ವಂತ ಬಾವುಟ ಕೆಳಗಿಳಿಯುವುದಿಲ್ಲ. ಒಂದು ಧ್ವಜ ‘ನಾನು ಯಾರು’ ಎಂಬುದನ್ನು ಹೇಳಿದರೆ, ಇನ್ನೊಂದು ‘ನಾನು ಯಾರ ಅಂಗಳದಲ್ಲಿದ್ದೇನೆ’ ಎಂಬುದನ್ನು ಬಲ್ಲೆನೆಂದು ಹೇಳುತ್ತದೆ. ಒಂದನ್ನು ಹಾರಿಸಲು ಇನ್ನೊಂದನ್ನು ಇಳಿಸಬೇಕೆಂಬ ವಾದ ಸಮುದ್ರದಲ್ಲಿ ಯಾರಿಗೂ ಹೊಳೆದಿಲ್ಲ. ನೆಲದ ಮೇಲೆ ಮಾತ್ರ ನಮ್ಮನ್ನು ಅದು ಮತ್ತೆ ಮತ್ತೆ ಕಾಡುತ್ತಿದೆ.

ಮುಂಬಯಿಯ ಕನ್ನಡಿಗರಿಗೆ ಈ ಪದ್ಧತಿಯಿಂದ ಕಲಿಯುವುದು ಬಹಳವಿದೆಯೆಂದು ನನ್ನ ನಂಬಿಕೆ. ನಮ್ಮಲ್ಲಿ ಅನೇಕರ ಹಿರಿಯರು ಕರಾವಳಿಯಿಂದ ಸಮುದ್ರಮಾರ್ಗವಾಗಿಯೇ ಈ ನಗರಕ್ಕೆ ಬಂದವರು. 1902ರಲ್ಲಿಯೇ ಇಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಸ್ಥಾಪನೆಯಾಯಿತು. 1926ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿತು. ಹಗಲು ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿದು ಇರುಳು ಶಾಲೆಯಲ್ಲಿ ಓದಿದ ಆ ತಲೆಮಾರಿನವರು ನೆರೆಯವರೊಡನೆ ಮರಾಠಿಯನ್ನಾಡಿದರು. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಉಳಿಸಿಕೊಂಡರು. ಸೌಜನ್ಯ ಧ್ವಜವೆಂಬ ಮಾತನ್ನು ಅವರು ಕೇಳಿರದಿದ್ದರೂ ಅದರ ಅರ್ಥವನ್ನು ಬಾಳಿ ತೋರಿಸಿದರು.

ಇಂದಿನ ಸ್ಥಿತಿ ಹಾಗಿದೆಯೇ? ನಮ್ಮಲ್ಲಿ ಎರಡು ಬಗೆಯ ಲೋಪಗಳು ಬೆಳೆಯುತ್ತಿವೆ. ಹತ್ತಿಪ್ಪತ್ತು ವರ್ಷ ಇಲ್ಲಿದ್ದರೂ ಇಂಗ್ಲಿಷು, ಹಿಂದಿಗಳಿಂದಲೇ ಕೆಲಸ ಸಾಗುವುದೆಂದು ಮರಾಠಿಯ ನಾಲ್ಕು ವಾಕ್ಯಗಳನ್ನೂ ಕಲಿಯದಿರುವುದು ಒಂದು. ಇದು ಸೌಜನ್ಯ ಧ್ವಜವಿಲ್ಲದ ನೌಕೆ. ಮಕ್ಕಳಿಗೆ ಕನ್ನಡದ ಅಕ್ಷರಗಳೇ ತಿಳಿಯದಂತೆ ಬೆಳೆಸಿ, ಸಂಘದ ವಾರ್ಷಿಕೋತ್ಸವದ ದಿನ ಮಾತ್ರ ಕನ್ನಡಾಭಿಮಾನದಿಂದ ಚಪ್ಪಾಳೆ ತಟ್ಟುವುದು ಇನ್ನೊಂದು. ಇದು ಸ್ವಂತ ಬಾವುಟವನ್ನೇ ಕಳೆದುಕೊಂಡ ನೌಕೆ. ಎರಡೂ ಲೋಪಗಳು ಒಂದೇ ಮನೆಯಲ್ಲಿ ಕಂಡುಬರುವುದೂ ಅಪರೂಪವಲ್ಲ.

ಬ್ಯಾಂಕಿನಲ್ಲಿ ಆಮದು-ರಫ್ತಿನ ಕಾಗದಪತ್ರಗಳನ್ನು ನೋಡುವ ನಮಗೆ ಮತ್ತೊಂದು ಬಗೆಯ ಧ್ವಜವೂ ಪರಿಚಿತ. ಒಡೆಯರು ಒಂದು ದೇಶದವರು, ನೋಂದಣಿ ಮಾತ್ರ ಪನಾಮಾದಲ್ಲೋ ಲೈಬೀರಿಯಾದಲ್ಲೋ. ತೆರಿಗೆಯ ಉಳಿತಾಯಕ್ಕಾಗಿ, ನಿಯಮಗಳ ಸಡಿಲಿಕೆಗಾಗಿ ಆಯ್ದುಕೊಂಡ ಇದನ್ನು ಅನುಕೂಲದ ಧ್ವಜವೆನ್ನುತ್ತಾರೆ. ತರಕಾರಿಯ ಬೆಲೆ ಇಳಿಸಲೆಂದು ಮಾತ್ರ ಆಡುವ ಮರಾಠಿಯೂ ಇಂಥದೇ ಆಗಿದೆ. ಲಾಭಕ್ಕಾಗಿ ಏರಿಸಿದ್ದಕ್ಕೂ ಗೌರವಕ್ಕಾಗಿ ಏರಿಸಿದ್ದಕ್ಕೂ ಇರುವ ಅಂತರವನ್ನು ನೆರೆಯವರು ಸುಲಭವಾಗಿ ಅರಿಯುತ್ತಾರೆ.

‘ನಾವೇನು ಪರದೇಶದ ಹಡಗುಗಳೇ? ಇದು ನಮ್ಮದೇ ದೇಶವಲ್ಲವೇ?’ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿಯೂ, ತಮ್ಮ ಭಾಷೆಯನ್ನು ಉಳಿಸಿಕೊಳ್ಳುವ ಹಕ್ಕನ್ನು 29ನೆಯ ವಿಧಿಯೂ ನಮಗೆ ಕೊಟ್ಟಿವೆ. ಆದರೆ ನೆರೆಹೊರೆಯಲ್ಲಿ ಪ್ರೀತಿಯಿಂದ ಬಾಳುವ ಬಗೆಯನ್ನು ಯಾವ ವಿಧಿಯೂ ಕಲಿಸಲಾರದು. ಹಕ್ಕು ಮುಗಿದಲ್ಲಿ ಸೌಜನ್ಯ ಆರಂಭವಾಗುತ್ತದೆ. ಅಂತೆಯೇ, ಕೊರಳಪಟ್ಟಿ ಹಿಡಿದು ಆಡಿಸಿದ ಮಾತು ಸೌಜನ್ಯವೆನಿಸದು. 2025ರ ಫೆಬ್ರವರಿಯಲ್ಲಿ ಬೆಳಗಾವಿಯ ಬಸ್ಸೊಂದರಲ್ಲಿ ಎದ್ದ ಭಾಷೆಯ ಜಗಳದಿಂದ ಎರಡೂ ರಾಜ್ಯಗಳ ನಡುವಣ ಬಸ್ ಸಂಚಾರವೇ ಕೆಲಕಾಲ ಸ್ಥಗಿತಗೊಂಡಿತು. ಅದರಿಂದ ಕನ್ನಡಕ್ಕಾಗಲಿ ಮರಾಠಿಗಾಗಲಿ ಒಂದು ಅಕ್ಷರದ ಲಾಭವೂ ಆಗಲಿಲ್ಲ. ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲೆಂದು ಬಯಸುವ ನಾವು ಮುಂಬಯಿಯಲ್ಲಿ ಅದೇ ತಕ್ಕಡಿಯಲ್ಲಿ ನಮ್ಮನ್ನು ತೂಗಿಕೊಳ್ಳಬೇಕು.

ಆರೋಗ್ಯ ಲೇಖನಗಳಿರುವ ಈ ಸಂಚಿಕೆಯಲ್ಲಿ ಇನ್ನೊಂದು ಧ್ವಜವನ್ನೂ ನೆನೆಯಬಹುದು. ಪರದೇಶದ ಬಂದರನ್ನು ಸೇರುವ ನೌಕೆ ಮೊದಲು ಹಳದಿ ಬಾವುಟವನ್ನು ಏರಿಸುವುದು ರೂಢಿ. ‘ನನ್ನ ನೌಕೆ ಆರೋಗ್ಯವಾಗಿದೆ, ಪ್ರವೇಶಕ್ಕೆ ಅನುಮತಿ ಕೊಡಿ’ ಎಂಬುದು ಅದರ ಅರ್ಥ. 1896ರಲ್ಲಿ ಮಾಂಡವಿಯಲ್ಲಿ ಕಾಣಿಸಿಕೊಂಡ ಪ್ಲೇಗಿನಿಂದ ತತ್ತರಿಸಿದ ಈ ನಗರಕ್ಕೆ ಅಂಥ ಎಚ್ಚರಿಕೆಯ ಬೆಲೆ ಚೆನ್ನಾಗಿ ಗೊತ್ತು. ಶರೀರದ ಸೋಂಕಿಗೆ ತಪಾಸಣೆಯಿರುವಂತೆ, ಭಾಷಾದ್ವೇಷವೆಂಬ ಮನಸ್ಸಿನ ಸೋಂಕಿಗೂ ನಮ್ಮಲ್ಲಿಯೇ ತಪಾಸಣೆ ನಡೆಯಬೇಕು.

ಹರಿದ, ಮಾಸಿದ ಸೌಜನ್ಯ ಧ್ವಜವನ್ನು ಏರಿಸುವುದು ಏರಿಸದಿರುವುದಕ್ಕಿಂತ ಹೆಚ್ಚಿನ ಅಗೌರವವೆಂದು ನಾವಿಕರು ತಿಳಿಯುತ್ತಾರೆ. ನಮ್ಮ ಧ್ವಜಸಂಹಿತೆಯೂ ಹಾಳಾದ ಧ್ವಜವನ್ನು ಹಾರಿಸಬಾರದೆನ್ನುತ್ತದೆ. ಧಾರವಾಡ ಜಿಲ್ಲೆಯ ಗರಗದಲ್ಲಿ ನೇಯ್ದ ಖಾದಿಯೂ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿದ ಧ್ವಜಗಳೂ ನಾಡಿನಾದ್ಯಂತ ಹೆಸರಾಗಿವೆ. ರಾಷ್ಟ್ರಧ್ವಜದ ನೂಲನ್ನು ಎಣಿಸಿ ನೇಯುವ ನಾಡಿನಿಂದ ಬಂದವರು ನಾವು. ಕಲಿಯುವ ಮರಾಠಿಯಲ್ಲಿಯೂ ಉಳಿಸುವ ಕನ್ನಡದಲ್ಲಿಯೂ ಅದೇ ಅಚ್ಚುಕಟ್ಟುತನವನ್ನು ತೋರಿಸುವುದು ನಮಗೆ ಕಷ್ಟವಾಗಬಾರದು.

ಆದುದರಿಂದ ನಗರದ ಕನ್ನಡ ಸಂಘಗಳಲ್ಲಿ ನನ್ನದೊಂದು ವಿನಂತಿ. ಊರಿನಿಂದ ಹೊಸದಾಗಿ ಬಂದವರಿಗೆ ಮರಾಠಿಯ ತರಗತಿಯನ್ನೂ, ಇಲ್ಲಿಯೇ ಹುಟ್ಟಿ ಬೆಳೆಯುತ್ತಿರುವ ಮಕ್ಕಳಿಗೆ ಕನ್ನಡ ಅಕ್ಷರಾಭ್ಯಾಸವನ್ನೂ ಪ್ರತಿ ಭಾನುವಾರ ಒಂದೇ ಸೂರಿನಡಿ ನಡೆಸಬೇಕು. ಇದಕ್ಕೆ ದೊಡ್ಡ ನಿಧಿ ಬೇಕಿಲ್ಲ. ಒಂದು ಕೋಣೆ, ಒಂದು ಕರಿಹಲಗೆ, ಇಬ್ಬರು ಉತ್ಸಾಹಿಗಳು ಸಾಕು. ಮರಾಠಿ ಕಲಿಸಲು ನೆರೆಮನೆಯ ಮರಾಠಿ ಬಂಧುವನ್ನೇ ಕರೆದರೆ ಇನ್ನೂ ಒಳ್ಳೆಯದು.