ಜಾಹೀರಾತಿಗೆ ರೇಸ್ ಕಾರು, ಬಿಲ್ಲು ಮಾತ್ರ ಹುಡುಗರ ಜೇಬಿಗೆ

ಸಿಇಟಿ ಫಲಿತಾಂಶ ಬಂದ ಮರುದಿನದಿಂದ ನಿಮ್ಮ ಫೋನಿಗೂ ಬಂದಿರುತ್ತೆ, ಯಲಹಂಕ, ಹೆಬ್ಬಾಳ, ಯಶವಂತಪುರ ಸುತ್ತಮುತ್ತಲಿನ ಇಂಜಿನಿಯರಿಂಗ್ ಕಾಲೇಜುಗಳ ಜಾಹೀರಾತು. ಗಾಜಿನ ಕಟ್ಟಡ, ಕೋಟು ಹಾಕಿದ ಮಕ್ಕಳು, ಪ್ಲೇಸ್‌ಮೆಂಟ್ ಲೆಕ್ಕ. ಈಗೀಗ ಅದರ ಜೊತೆಗೆ ಒಂದು ಪುಟ್ಟ ರೇಸ್ ಕಾರು. ಕಾರಿನ ಮೇಲೆ ಕಾಲೇಜಿನ ಲಾಂಛನ, ಪಕ್ಕದಲ್ಲಿ ಮ್ಯಾನೇಜ್‌ಮೆಂಟಿನವರು. 'ನಮ್ಮ ವಿದ್ಯಾರ್ಥಿಗಳೇ ತಯಾರಿಸಿದ್ದು' ಅಂತ ಕೆಳಗೆ ಬರೆದಿರುತ್ತೆ.

ತಯಾರಿಸಿದ್ದು ವಿದ್ಯಾರ್ಥಿಗಳೇ, ನಿಜ. ಆದರೆ ದುಡ್ಡು ಕೊಟ್ಟವರು ಯಾರು? ಅದನ್ನು ಯಾರೂ ಬರೆಯಲ್ಲ. ಹಾಗಾಗಿ ನಾವು ಬರೆಯುತ್ತಿದ್ದೇವೆ.

ತೊಂಡೇಬಾವಿ ಕಡೆಯ ಒಬ್ಬ ಹುಡುಗ. ಅವನ ಹೆಸರು ಬೇಡ, ಕಾಲೇಜಿನ ಹೆಸರೂ ಬೇಡ. ಅವನು ಇನ್ನೂ ಅಲ್ಲೇ ಓದಬೇಕು. ಅಪ್ಪನಿಗೆ ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಪಂಪು ಸುಟ್ಟುಹೋದರೆ ಸುತ್ತಲ ಹಳ್ಳಿಯವರು ಬರೋದು ಅಲ್ಲಿಗೇ. ಹುಡುಗ ಹೈಸ್ಕೂಲಿನಲ್ಲೇ ವೆಲ್ಡಿಂಗ್ ಕಲಿತವನು. ಕಾಲೇಜಿನಲ್ಲಿ ಹೊಸದಾಗಿ ರೇಸಿಂಗ್ ಟೀಮ್ ಕಟ್ಟಿದಾಗ ಸೀನಿಯರ್‌ಗಳು ಇವನನ್ನು ಹುಡುಕಿಕೊಂಡು ಬಂದರು. ಕಾರಿನ ಚಾಸಿಗೆ ಪೈಪು ಕತ್ತರಿಸಿ, ಜೋಡಿಸಿ, ಬೆಸುಗೆ ಹಾಕಿದ್ದು ಇವನೇ. ಮೂರು ತಿಂಗಳಾದ ಮೇಲೆ ಒಂದು ದಿನ ತಲಾ ಹದಿನೈದು ಸಾವಿರ ಹಾಕಬೇಕು ಅಂದರು. ಇವನ ಕೈಲಿ ಆಗಲಿಲ್ಲ.

"ಯಾರೂ ಹೋಗು ಅನ್ಲಿಲ್ಲ ಅಣ್ಣ. ದುಡ್ಡು ಹಾಕ್ದೋರ ಲಿಸ್ಟು ದಿನಾ ಗ್ರೂಪಲ್ಲಿ ಬರ್ತಿತ್ತು. ನೋಡೀ ನೋಡೀ ನಾನೇ ಎಗ್ಸಿಟ್ ಆದೆ" ಅಂದ.

ಆ ಟೀಮಿನ ಹುಡುಗರ ಮೇಲೆ ನಮಗೆ ಸಿಟ್ಟಿಲ್ಲ. ಅವರೂ ಮನೆಯಲ್ಲಿ ಕಾಡಿ ಬೇಡಿ ದುಡ್ಡು ತಂದವರೇ. ನಮ್ಮ ಸಿಟ್ಟು ಕಾಲೇಜಿನ ಮೇಲೆ. ಲಾಂಛನ ತನ್ನದು, ಖರ್ಚು ನಿಮ್ಮದು ಅನ್ನುವ ವ್ಯವಸ್ಥೆಯ ಮೇಲೆ.

ಇದು ಯಾವ ರೇಸು?

ರೇಸು ಅಂದ ತಕ್ಷಣ ಹೈವೇಯಲ್ಲಿ ವೀಲಿಂಗ್ ಮಾಡೋ ಹುಡುಗರು ಕಣ್ಣ ಮುಂದೆ ಬರ್ತಾರೆ. ಇದು ಅದಲ್ಲ. ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಒಂದು ಕಾರಿನ ನಕ್ಷೆ ಹಾಕಿ, ತಾವೇ ಕಟ್ಟಿ, ತಾವೇ ಓಡಿಸುವ ಸ್ಪರ್ಧೆ. ಅಮೆರಿಕದಲ್ಲಿ 1981ರಲ್ಲಿ ಫಾರ್ಮುಲಾ ಎಸ್‌ಎಇ ಅಂತ ಶುರುವಾಯಿತು. ನಮ್ಮಲ್ಲಿ 2007ರಿಂದ ಬಾಹಾ ಎಸ್‌ಎಇ ಇಂಡಿಯಾ ಇದೆ, ಹಳ್ಳದಿಣ್ಣೆಯಲ್ಲಿ ಓಡುವ ಗಾಡಿಗಳದ್ದು. ಇಂದೋರ್ ಹತ್ತಿರದ ಪೀತಂಪುರದಲ್ಲಿ ಶುರುವಾಗಿದ್ದು. ಟ್ರ್ಯಾಕ್‌ನಲ್ಲಿ ಓಡುವ ಕಾರುಗಳಿಗೆ ಫಾರ್ಮುಲಾ ಭಾರತ್ ಇದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುತ್ತೆ.

ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಯಲ್ಲಿ ಒಟ್ಟು 1000 ಅಂಕ. ಅದರಲ್ಲಿ 325 ಅಂಕ ಕಾರಿನ ಚಕ್ರ ಉರುಳುವ ಮೊದಲೇ ಸಿಗಬೇಕು. ಈ ಪೈಪು ಯಾಕೆ ಇಷ್ಟು ದಪ್ಪ, ಈ ಸ್ಪ್ರಿಂಗು ಯಾಕೆ ಇಲ್ಲಿ ಅಂತ ತೀರ್ಪುಗಾರರಿಗೆ ವಿವರಿಸಬೇಕು. ಒಂದೊಂದು ಬೋಲ್ಟಿನ ಖರ್ಚಿನ ಲೆಕ್ಕ ಒಪ್ಪಿಸಬೇಕು. ಈ ಕಾರನ್ನು ತಯಾರಿಸಿ ಮಾರಿದರೆ ಗಿಟ್ಟುತ್ತಾ ಅಂತ ವ್ಯಾಪಾರದ ಯೋಜನೆ ಹೇಳಬೇಕು. ಸುರಕ್ಷತೆಯ ತಪಾಸಣೆ ಬೇರೆ. ಕಾರನ್ನು 60 ಡಿಗ್ರಿ ವಾಲಿಸಿದರೆ ಎಣ್ಣೆ ಸೋರಬಾರದು, ಚಕ್ರ ಮೇಲೇಳಬಾರದು. ಬ್ರೇಕ್ ಒತ್ತಿದರೆ ನಾಲ್ಕೂ ಚಕ್ರ ಒಟ್ಟಿಗೆ ಹಿಡಿಯಬೇಕು. ಚಾಲಕ ಬೆಲ್ಟು ಬಿಚ್ಚಿ ಐದು ಸೆಕೆಂಡಿನಲ್ಲಿ ಹೊರಗೆ ಬರಬೇಕು. ಇದೆಲ್ಲ ಪಾಸಾದರೆ ಮಾತ್ರ ಟ್ರ್ಯಾಕ್. ಅಲ್ಲಿ ಸುಮಾರು 22 ಕಿಲೋಮೀಟರ್ ಓಟವನ್ನು ನಿಲ್ಲದೆ ಮುಗಿಸುವುದೇ ದೊಡ್ಡ ಪರೀಕ್ಷೆ.

ನಾಲ್ಕು ವರ್ಷ ಬೋರ್ಡಿನ ಮೇಲೆ ನೋಡಿದ್ದನ್ನು ಇಲ್ಲಿ ಕೈಯಲ್ಲಿ ಮಾಡಬೇಕು. ಇಂಟರ್‌ವ್ಯೂನಲ್ಲಿ 'ನೀನು ಏನು ಮಾಡಿದ್ದೀಯ' ಅಂತ ಕೇಳಿದಾಗ ಹೇಳಲು ಒಂದು ಮಾತು ಇರುತ್ತೆ. ಇಂಗ್ಲಿಷು ಸರಾಗವಾಗಿ ಬರದ ಮಗುವಿಗೆ ಆ ಕೆಲಸವೇ ಮಾತಾಡುತ್ತೆ. ಅದಕ್ಕೇ ಈ ವಿಷಯ ಹಳ್ಳಿಯ ವಿಷಯ ಅಂತ ನಾವು ಹೇಳುತ್ತಿರೋದು. ಟೀಮಿಗೆ ಸೇರಲು ಹದಿನೈದು ಸಾವಿರ ಬೇಕು ಅಂದರೆ ಆ ಬಾಗಿಲು ಮುಚ್ಚೋದು ಸದಾಶಿವನಗರದ ಮಗುವಿಗಲ್ಲ, ಗೌರಿಬಿದನೂರಿನಿಂದ ಬೆಳಿಗ್ಗೆ ರೈಲು ಹತ್ತಿ ಬರುವ ಮಗುವಿಗೆ.

ದುಡ್ಡು ಎಲ್ಲಿ ಹೋಗುತ್ತೆ?

ಹುಡುಗರು ತೋರಿಸಿದ ಪಟ್ಟಿ ನೋಡಿದ್ದೇವೆ. ಉಕ್ಕಿನ ಪೈಪು. ಇಂಜಿನ್, ಬಹಳ ಟೀಮುಗಳು ಕೆಟಿಎಂ 390 ಬೈಕಿನ ಇಂಜಿನ್ ಹಾಕುತ್ತವೆ. ವಿದೇಶದಿಂದ ತರಿಸುವ ರೇಸ್ ಟೈರು, ಅದರ ಮೇಲೆ ಸುಂಕ. ಬೆಂಕಿ ತಡೆಯುವ ಬಟ್ಟೆ, ಹೆಲ್ಮೆಟ್, ಬೆಲ್ಟು. ಸ್ಪರ್ಧೆಯ ಪ್ರವೇಶ ಶುಲ್ಕ. ಕಾರನ್ನು ಕೊಯಮತ್ತೂರಿಗೆ ಒಯ್ಯುವ ಲಾರಿ ಬಾಡಿಗೆ, ಟೀಮಿನ ಊಟ, ವಸತಿ. ಎಲ್ಲ ಸೇರಿ ಲಕ್ಷಗಳ ಲೆಕ್ಕ. ಎಲೆಕ್ಟ್ರಿಕ್ ಕಾರಾದರೆ ಬ್ಯಾಟರಿ ಒಂದೇ ಬೆನ್ನು ಮುರಿಯುತ್ತೆ.

ಸ್ಪಾನ್ಸರ್ ಹುಡುಕಿ ಅಂತಾರೆ ಕಾಲೇಜಿನವರು. ಹುಡುಗರು ಹುಡುಕುತ್ತಾರೆ ಕೂಡ. ಪೀಣ್ಯದ ಚಿಕ್ಕ ವರ್ಕ್‌ಶಾಪಿನವರು ಮಕ್ಕಳ ಮುಖ ನೋಡಿ ದುಡ್ಡು ತಗೊಳ್ಳದೆ ಪ್ಲೇಟು ಕತ್ತರಿಸಿ ಕೊಟ್ಟಿದ್ದನ್ನು ನಾವು ನೋಡಿದ್ದೇವೆ. ತಮ್ಮ ಮಕ್ಕಳನ್ನು ಅಂಥ ಕಾಲೇಜಿಗೆ ಕಳಿಸಲಾಗದ ಜನ ಅವರು.

ದೊಡ್ಡ ಕಂಪನಿಯ ಲೆಕ್ಕ ಬೇರೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ನಿಗದಿತ ಮಟ್ಟ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಸಿಎಸ್‌ಆರ್ ಅನ್ನೋದು ಇದನ್ನೇ. ಆ ಕೆಲಸಗಳ ಪಟ್ಟಿಯಲ್ಲಿ ಶಿಕ್ಷಣವೂ ಇದೆ. ಆದರೆ ಕಂಪನಿ ಬೇರೊಂದು ಸಂಸ್ಥೆಯ ಮೂಲಕ ಈ ದುಡ್ಡು ಖರ್ಚು ಮಾಡಬೇಕಾದರೆ ಆ ಸಂಸ್ಥೆ ಸರ್ಕಾರದಲ್ಲಿ ನೋಂದಣಿ ಆಗಿರಬೇಕು. ಇಪ್ಪತ್ತು ವರ್ಷದ ಹುಡುಗರ ಟೀಮಿಗೆ ನೋಂದಣಿಯೂ ಇಲ್ಲ, ಪ್ಯಾನ್ ಕಾರ್ಡೂ ಇಲ್ಲ, ಬ್ಯಾಂಕ್ ಖಾತೆಯೂ ಇಲ್ಲ. ಇವೆಲ್ಲ ಇರೋದು ಕಾಲೇಜು ನಡೆಸುವ ಟ್ರಸ್ಟಿಗೆ. ಟ್ರಸ್ಟು ಒಂದು ಪತ್ರ ಬರೆದು, ಒಂದು ಸಹಿ ಹಾಕಿ, ತನ್ನ ಖಾತೆಗೆ ದುಡ್ಡು ತಗೊಂಡು ಟೀಮಿನ ಲೆಕ್ಕಕ್ಕೆ ಬರೆದರೆ ಸಾಕು. ಆ ಸಹಿಗಾಗಿ ಹುಡುಗರು ವಾರಗಟ್ಟಲೆ ಆಫೀಸಿನ ಬಾಗಿಲು ಕಾಯ್ತಾರೆ.

ಯಶವಂತಪುರದ ಪಕ್ಕದಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇದೆ. ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ದಶಕಗಳಿಂದ ಧನಸಹಾಯ ಕೊಡುತ್ತಿದೆ. ಒಳ್ಳೆಯ ಕೆಲಸ. ಆದರೆ ಅದು ಒಂದೊಂದು ಪ್ರಾಜೆಕ್ಟಿಗೆ ಕೊಡುವ ಸಣ್ಣ ಮೊತ್ತ, ವರ್ಷವಿಡೀ ನಡೆಯುವ ಟೀಮಿಗೆ ಸಾಲದು. ಆ ಅರ್ಜಿ ಕೂಡ ಕಾಲೇಜಿನ ಮೂಲಕವೇ ಹೋಗಬೇಕು. ಸುತ್ತಿ ಬಳಸಿ ಮತ್ತೆ ಅದೇ ಸಹಿಯ ಹತ್ತಿರ ಬಂದು ನಿಲ್ಲುತ್ತೇವೆ.

ದುಡ್ಡಿಲ್ಲದೆ ಕೊಡಬಹುದಾದ್ದನ್ನೂ ಕೊಡಲ್ಲ

ವರ್ಕ್‌ಶಾಪಿಗೆ ಸಂಜೆ ಬೀಗ. ಕ್ಲಾಸು ಮುಗಿದ ಮೇಲೆ ತಾನೇ ಹುಡುಗರು ಕೆಲಸ ಮಾಡೋದು? ಸ್ಪರ್ಧೆಗೆ ಹೋದ ದಿನಗಳಿಗೆ ಗೈರುಹಾಜರಿ. ವಿಟಿಯು ನಿಯಮದಲ್ಲಿ ಹಾಜರಿ ಶೇ. 85 ಇರಬೇಕು, ಕಾರಣ ಇದ್ದರೆ ಸ್ವಲ್ಪ ರಿಯಾಯಿತಿ ಉಂಟು. ಕ್ರಿಕೆಟ್ ಆಡಲು ಹೋದವನಿಗೆ ಸಿಗುವ ಪತ್ರ ಕಾರು ಕಟ್ಟಿದವನಿಗೆ ಯಾಕೆ ಸಿಗಲ್ಲ? ಟೀಮಿಗೆ ಮಾರ್ಗದರ್ಶಿ ಅಂತ ಒಬ್ಬ ಮೇಷ್ಟ್ರನ್ನು ಹಾಕುತ್ತಾರೆ, ಅವರ ಪಾಠದ ಹೊರೆ ಮಾತ್ರ ಒಂದು ಗಂಟೆಯೂ ಇಳಿಸಲ್ಲ. ಪಾಪ, ಅವರು ತಾನೇ ಏನು ಮಾಡಿಯಾರು.

ಹಳೆಯ ಟೀಮುಗಳು ಹೇಗೋ ನಡೆಸಿಕೊಂಡು ಹೋಗುತ್ತವೆ. ಮೈಸೂರು ರಸ್ತೆಯ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್ 2003ರಲ್ಲಿ ಶುರುವಾಯಿತು. ಇಪ್ಪತ್ತು ವರ್ಷ ದಾಟಿದ ಟೀಮಿಗೆ ಹೆಸರಿದೆ, ಹೊರಗೆ ಕೆಲಸದಲ್ಲಿರುವ ಸೀನಿಯರ್‌ಗಳಿದ್ದಾರೆ. ಹೊಸ ಟೀಮಿಗೆ ಇದ್ಯಾವುದೂ ಇಲ್ಲ. ಮೊದಲ ಎರಡು ಮೂರು ವರ್ಷ ಯಾರಾದರೂ ಕೈ ಹಿಡಿಯಲೇಬೇಕು. ಸಸಿ ನೆಟ್ಟವರೇ ಮೊದಲ ಬೇಸಿಗೆಗೆ ನೀರು ಹೊರಬೇಕು ಅನ್ನೋದನ್ನು ನಿಮಗೆ ನಾವು ಹೇಳಿಕೊಡಬೇಕಿಲ್ಲ.

ಅವರು ಹೇಳುವ ಮಾತು

'ಅಪಘಾತ ಆದರೆ ಯಾರು ಹೊಣೆ?' ನ್ಯಾಯವಾದ ಪ್ರಶ್ನೆ. ಉತ್ತರ ಏನೆಂದರೆ ವಿಮೆ ಮಾಡಿಸಿ, ವರ್ಕ್‌ಶಾಪಿನಲ್ಲಿ ತಿಳಿದವರೊಬ್ಬರನ್ನು ಇಡಿ. ಬೀಗ ಹಾಕಿದರೆ ಅಪಾಯ ತಪ್ಪಲ್ಲ. ಹುಡುಗರು ಬಾಡಿಗೆ ಶೆಡ್ಡಿನಲ್ಲಿ ಕನ್ನಡಕ ಇಲ್ಲದೆ ರಾತ್ರಿ ಎರಡು ಗಂಟೆಗೆ ವೆಲ್ಡಿಂಗ್ ಮಾಡ್ತಾರೆ, ಅಷ್ಟೇ.

'ಇದೆಲ್ಲ ಶೋಕಿ, ಇದರಿಂದ ರೈತರಿಗೆ ಏನು ಲಾಭ?' ಈ ಮಾತನ್ನು ನಮ್ಮ ಊರಿನ ಹಿರಿಯರೂ ಕೇಳಿದ್ದಾರೆ. ಅದೇ ಎಸ್‌ಎಇ ಇಂಡಿಯಾ ಸಂಸ್ಥೆ ತಿಫಾನ್ ಅಂತ ಇನ್ನೊಂದು ಸ್ಪರ್ಧೆ ನಡೆಸುತ್ತೆ. ಅಲ್ಲಿ ವಿದ್ಯಾರ್ಥಿಗಳು ಹೊಲಕ್ಕೆ ಬೇಕಾದ ಯಂತ್ರ ಕಟ್ಟಬೇಕು. ಹೆಬ್ಬಾಳದ ಜಿಕೆವಿಕೆಯ ಕೃಷಿ ಮೇಳಕ್ಕೆ ಹೋಗಿ ಯಂತ್ರಗಳ ಮುಂದೆ ನಿಂತವರಿಗೆ ಗೊತ್ತು, ನಮ್ಮ ಅರ್ಧ ಎಕರೆ, ಒಂದು ಎಕರೆಗೆ ಸರಿಹೊಂದುವ ಯಂತ್ರ ಸಿಗೋದು ಎಷ್ಟು ಕಷ್ಟ ಅಂತ. ಅಂಥದ್ದನ್ನು ಯಾರು ಮಾಡಬೇಕು? ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿ ಗೊತ್ತಿರುವ, ಹೊಲವನ್ನೂ ಕಂಡಿರುವ ಮಕ್ಕಳು. ಅಂಥ ಮಗುವನ್ನೇ ಹದಿನೈದು ಸಾವಿರಕ್ಕೆ ಹೊರಗೆ ಹಾಕಿದ್ದೀರಿ.

'ಚಿಕ್ಕ ಕಾಲೇಜಿಗೆ ಶಕ್ತಿ ಇಲ್ಲ.' ಸರಿ, ಒಬ್ಬರಿಗೆ ಆಗದಿದ್ದರೆ ಸೇರಿ ಮಾಡಿ. ದಾರಿ ಯಲಹಂಕದಲ್ಲೇ ಇದೆ. 2010ರ ಜುಲೈ 12ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ಸಿ-15 ರಾಕೆಟ್‌ನಲ್ಲಿ ಸ್ಟಡ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹ ಹಾರಿತು. ತೂಕ ಒಂದು ಕಿಲೋಗಿಂತ ಕಡಿಮೆ. ಕಟ್ಟಿದವರು ಬೆಂಗಳೂರು ಮತ್ತು ಹೈದರಾಬಾದಿನ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು. ಮುಂದಾಳತ್ವ ಯಲಹಂಕದ ನಿಟ್ಟೆ ಮೀನಾಕ್ಷಿ ಕಾಲೇಜಿನದು. ಏಳು ಕಾಲೇಜು ಸೇರಿ ಆಕಾಶಕ್ಕೆ ಉಪಗ್ರಹ ಕಳಿಸಬಹುದಾದರೆ, ಏಳು ಕಾಲೇಜು ಸೇರಿ ನೆಲದ ಮೇಲೆ ಒಂದು ವರ್ಕ್‌ಶಾಪ್ ನಡೆಸಲು ಆಗಲ್ವಾ?

ವಿಶ್ವೇಶ್ವರಯ್ಯನವರ ಹೆಸರಿಟ್ಟುಕೊಂಡು

ನಮ್ಮ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಮುದ್ದೇನಹಳ್ಳಿಯ ಮಗನ ಹೆಸರಿದೆ. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಓದಿದ ಆ ಹುಡುಗ ಪುಣೆಗೆ ಹೋಗಿ ಇಂಜಿನಿಯರಿಂಗ್ ಕಲಿತಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ. 'ತಲಾ ಇಷ್ಟು ಹಾಕು, ಇಲ್ಲಾಂದ್ರೆ ಬಿಡು' ಅಂತ ಆಗ ಯಾರಾದರೂ ಅಂದಿದ್ದರೆ? ಪ್ರತಿ ಸೆಪ್ಟೆಂಬರ್ 15ಕ್ಕೆ ಅವರ ಫೋಟೋಗೆ ಹಾರ ಹಾಕುವ ಕಾಲೇಜುಗಳು ಈ ಒಂದು ಪ್ರಶ್ನೆಗೆ ಉತ್ತರ ಹುಡುಕಲಿ.

ನಾವು ಕೇಳುತ್ತಿರೋದು ಇಷ್ಟು.

1. ಕಾಲೇಜಿನ ಹೆಸರು ಹಾಕಿಕೊಂಡ ಯಾವ ಟೀಮಿನಲ್ಲೂ ವಿದ್ಯಾರ್ಥಿಯ ಜೇಬಿನಿಂದ ವಂತಿಗೆ ಎತ್ತಬಾರದು. ಆಯ್ಕೆ ಕೆಲಸ ನೋಡಿ ಆಗಲಿ.

2. ಹೊಸ ಟೀಮಿಗೆ ಮೊದಲ ಮೂರು ವರ್ಷ ಬಜೆಟ್‌ನಲ್ಲಿ ನಿಗದಿತ ಮೊತ್ತ ಇಡಬೇಕು. ಖರ್ಚಿನ ಲೆಕ್ಕವನ್ನು ನೋಟಿಸ್ ಬೋರ್ಡಿನಲ್ಲಿ ಹಾಕಬೇಕು. ಟೀಮಿನ ಹುಡುಗರೂ ಲೆಕ್ಕ ಕೊಡಬೇಕು, ಅದರಲ್ಲಿ ರಿಯಾಯಿತಿ ಬೇಡ.

3. ಸ್ಪಾನ್ಸರ್ ಮತ್ತು ಸಿಎಸ್‌ಆರ್ ಪತ್ರಗಳಿಗೆ ಸಹಿ ಮಾಡಲು ಒಬ್ಬ ಅಧಿಕಾರಿ, ಒಂದು ವಾರದ ಗಡುವು.

4. ವರ್ಕ್‌ಶಾಪ್ ರಾತ್ರಿ ಎಂಟರವರೆಗೆ ತೆರೆದಿರಲಿ. ಊರಿಗೆ ರೈಲು ಹಿಡಿಯುವ ಮಕ್ಕಳಿಗಾಗಿ ಶನಿವಾರ ಪೂರ್ತಿ ತೆರೆದಿರಲಿ.

5. ವಿಟಿಯು ಈ ಕೆಲಸಕ್ಕೆ ಹಾಜರಿ ಮತ್ತು ಕ್ರೆಡಿಟ್ ಎರಡನ್ನೂ ಕೊಡಲಿ.

ಇನ್ನು ತಂದೆ ತಾಯಂದಿರಿಗೆ ಒಂದು ಮಾತು. ಈ ಸಲ ಕಾಲೇಜು ನೋಡಲು ಹೋದಾಗ ಆ ಕಾರಿನ ಮುಂದೆ ನಿಲ್ಲಿ. ಮಕ್ಕಳ ಫೋಟೋ ತೆಗೆಯುವ ಮೊದಲು ಮೂರು ಪ್ರಶ್ನೆ ಕೇಳಿ. ಇದಕ್ಕೆ ಕಾಲೇಜು ಎಷ್ಟು ಕೊಟ್ಟಿತು? ಮಕ್ಕಳು ತಲಾ ಎಷ್ಟು ಹಾಕಿದರು? ಬಸ್ಸು, ರೈಲಿನಲ್ಲಿ ಓಡಾಡುವ ಮಕ್ಕಳು ಈ ಟೀಮಿನಲ್ಲಿ ಎಷ್ಟು ಜನ ಇದ್ದಾರೆ? ಇಂಗ್ಲಿಷಿನಲ್ಲಿ ಕೇಳಬೇಕಾಗಿಲ್ಲ, ಕನ್ನಡದಲ್ಲೇ ಕೇಳಿ. ಫೀಸು ಕಟ್ಟುವವರು ನೀವು.

ನಾವು ಸ್ಟ್ರಿಂಗರ್‌ಗಳು. ಅಚ್ಚಾದ ಸುದ್ದಿಗೆ ಇಷ್ಟು ಅಂತ ಸಿಗುತ್ತೆ, ಪೆಟ್ರೋಲು ನಮ್ಮದೇ. ಕೈಯಿಂದ ದುಡ್ಡು ಹಾಕಿ ಬೇರೆಯವರ ಹೆಸರಿಗೆ ದುಡಿಯೋದು ಹೇಗಿರುತ್ತೆ ಅಂತ ನಮಗೆ ಗೊತ್ತು. ಮೂವತ್ತು ದಾಟಿದ ನಾವು ಹೇಗೋ ಒಗ್ಗಿಕೊಂಡಿದ್ದೇವೆ. ಇಪ್ಪತ್ತರ ಮಕ್ಕಳಿಗೆ ಇದನ್ನು ಅಭ್ಯಾಸ ಮಾಡಿಸಬೇಡಿ.

ತೊಂಡೇಬಾವಿಯ ಹುಡುಗ ಈಗ ಭಾನುವಾರ ಅಪ್ಪನ ಅಂಗಡಿಯಲ್ಲಿ ಮೋಟಾರ್ ಸುತ್ತುತ್ತಾನೆ. ಅವನು ಬೆಸುಗೆ ಹಾಕಿದ ಚಾಸಿ ಕಾಲೇಜಿನಲ್ಲೇ ಇದೆ. ಮೊನ್ನೆ ಅವನ ಫೋನಿಗೂ ಕಾಲೇಜಿನ ಜಾಹೀರಾತು ಬಂತಂತೆ. ಅದೇ ಕಾರು.