ಗೋಡೆ ಹೊರುವ ನೀರಿನ ಲೆಕ್ಕ

ಕೆರೆ ದೊಡ್ಡದಾದಷ್ಟೂ ಏರಿಯ ಮೇಲೆ ನೀರಿನ ಒತ್ತಡ ಹೆಚ್ಚು ಎಂದು ಅನೇಕರು ತಿಳಿದಿದ್ದಾರೆ. ಬೇಲೂರಿನ ವಿಷ್ಣುಸಮುದ್ರ, ಹಳೇಬೀಡಿನ ದ್ವಾರಸಮುದ್ರ ಎಂದು ನಮ್ಮ ಹಿರಿಯರು ಕೆರೆಗಳನ್ನು ಸಮುದ್ರವೆಂದೇ ಕರೆದರು. ಆದರೆ ಏರಿಗೆ ಈ ವಿಸ್ತಾರ ಲೆಕ್ಕಕ್ಕಿಲ್ಲ. ನಿಂತ ನೀರು ಅದರ ಹಿಂದೆ ಒಂದು ಫರ್ಲಾಂಗ್ ಹರಡಿರಲಿ, ಒಂದು ಮೈಲಿ ಹರಡಿರಲಿ, ಏರಿಯ ಬಳಿ ಆಳ ಒಂದೇ ಆಗಿದ್ದರೆ ಬಲವೂ ಒಂದೇ. ಸೈಮನ್ ಸ್ಟೆವಿನ್ ಎಂಬ ಫ್ಲೆಮಿಶ್ ಗಣಿತಜ್ಞ 1586ರಷ್ಟು ಹಿಂದೆಯೇ ನೀರಿನ ಒತ್ತಡ ಆಳವನ್ನು ಅವಲಂಬಿಸಿದೆ ಎಂದು ತನ್ನ ಪುಸ್ತಕದಲ್ಲಿ ವಿವರಿಸಿದ್ದ.

ಲೆಕ್ಕ ಸುಲಭ. ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯ ಒಂದು ಹಿತ್ತಲಲ್ಲಿ ನೆಲದ ಮೇಲೆ ಇಟ್ಟಿಗೆಯ ತೊಟ್ಟಿ ಇದೆ ಎಂದುಕೊಳ್ಳಿ. ಒಂದು ಗೋಡೆಯ ಉದ್ದ 3 ಮೀಟರ್, ನೀರಿನ ಆಳ 2 ಮೀಟರ್. ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್. ಆದ್ದರಿಂದ ನೀರಿನ ಮೇಲ್ಮಟ್ಟದಲ್ಲಿ ಅದರ ಒತ್ತಡ ಸೊನ್ನೆ. ತಳದಲ್ಲಿ ಚದರ ಮೀಟರಿಗೆ 2 ಟನ್. ಇವೆರಡರ ಸರಾಸರಿ 1 ಟನ್. ನೀರು ತಾಗುವ ಗೋಡೆಯ ವಿಸ್ತೀರ್ಣ 6 ಚದರ ಮೀಟರ್. ಅಂದರೆ ಆ ಒಂದೇ ಗೋಡೆಯನ್ನು ನೀರು 6 ಟನ್ ಬಲದಿಂದ ಹೊರಕ್ಕೆ ತಳ್ಳುತ್ತಿದೆ! ಶಾಲೆಯ ಪಠ್ಯದಂತೆ ಹೇಳುವುದಾದರೆ ಇದು ಸುಮಾರು 58,800 ನ್ಯೂಟನ್.

ಈ ಬಲವೆಲ್ಲ ಗೋಡೆಯ ನಡುವೆ ಬಿದ್ದಂತೆ ವರ್ತಿಸುವುದಿಲ್ಲ. ಒತ್ತಡ ಕೆಳಗೆ ಹೆಚ್ಚಿರುವುದರಿಂದ ಬಲದ ಕೇಂದ್ರ ತಳದಿಂದ ಆಳದ ಮೂರನೇ ಒಂದು ಭಾಗದಷ್ಟು ಎತ್ತರದಲ್ಲಿರುತ್ತದೆ. ಕೆರೆ ಏರಿಯ ಬುಡ ಅಗಲ, ನೆತ್ತಿ ಕಿರಿದು ಏಕೆಂಬುದು ಈಗ ತಿಳಿಯಿತಲ್ಲವೆ?

"ಇನ್ನರ್ಧ ಮೀಟರ್ ಗೋಡೆ ಏರಿಸಿಬಿಡಿ, ಬೇಸಿಗೆಗೆ ನೀರು ಸಾಕಾಗುತ್ತದೆ" ಎಂದು ಮನೆಯವರು ಗಾರೆಯವನಿಗೆ ಹೇಳುವುದುಂಟು. ಆಗ ನೀರು ಹೆಚ್ಚುವುದು ಕಾಲು ಭಾಗ ಮಾತ್ರ. ಆದರೆ ಬಲ 6 ಟನ್‌ನಿಂದ ಸುಮಾರು 9.4 ಟನ್‌ಗೆ ಏರುತ್ತದೆ. ಬಲದ ಕೇಂದ್ರವೂ ಮೇಲೆ ಸರಿಯುವುದರಿಂದ ಗೋಡೆಯನ್ನು ಬುಡಸಮೇತ ಮಗುಚುವ ಪ್ರಭಾವ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಗೋಡೆಯ ದಪ್ಪ ಮಾತ್ರ ಹಿಂದಿನಷ್ಟೇ.

ಇಂಥ ಲೆಕ್ಕ ತಪ್ಪಿದರೆ ಏನಾದೀತು ಎಂಬುದನ್ನು ಅಮೆರಿಕದ ಬಾಸ್ಟನ್ ನಗರ 1919ರ ಜನವರಿ 15ರಂದು ಕಂಡಿತು. ಅಲ್ಲಿ ಸುಮಾರು 50 ಅಡಿ ಎತ್ತರದ ಉಕ್ಕಿನ ತೊಟ್ಟಿಯಲ್ಲಿ ಕಾಕಂಬಿ ತುಂಬಿಸಿದ್ದರು. ಕಾಕಂಬಿಯ ಸಾಂದ್ರತೆ ನೀರಿನ ಸುಮಾರು 1.4 ಪಟ್ಟು, ಒತ್ತಡವೂ ಅಷ್ಟೇ ಪಟ್ಟು ಹೆಚ್ಚು. ಉಕ್ಕಿನ ತಗಡು ತೀರ ತೆಳುವಾಗಿತ್ತು. ತೊಟ್ಟಿ ಕಟ್ಟಿದಾಗ ಅದರಲ್ಲಿ ಬರೇ ಆರು ಅಂಗುಲ ನೀರು ನಿಲ್ಲಿಸಿ ಪರೀಕ್ಷೆ ಮುಗಿಸಿದ್ದರು. ತುಂಬಿದ ಕಾಕಂಬಿಯ ಒತ್ತಡ ತಳದಲ್ಲಿ ಅದರ ಸುಮಾರು 140 ಪಟ್ಟು! ತೊಟ್ಟಿ ಸಿಡಿದು 21 ಮಂದಿ ಸತ್ತರು.

ಪಾಲಕರಿಗೆ ಒಂದು ಮಾತು. ತೊಟ್ಟಿಯ ಗೋಡೆ ಹೊರಕ್ಕೆ ಉಬ್ಬಿದ್ದರೆ, ಬುಡದಲ್ಲಿ ಬಿರುಕಿನಿಂದ ನೀರು ಜಿನುಗುತ್ತಿದ್ದರೆ ಮೇಲೆ ಗಾರೆ ಮೆತ್ತಿ ಸುಮ್ಮನಾಗಬೇಡಿ. ಮೊದಲು ನೀರಿನ ಮಟ್ಟ ಇಳಿಸಿ. ಮಟ್ಟ ಅರ್ಧಕ್ಕಿಳಿದರೆ ಬಲ ಕಾಲು ಭಾಗಕ್ಕಿಳಿಯುತ್ತದೆ. ಮಕ್ಕಳನ್ನು ಆ ಗೋಡೆಯ ಬಳಿ ಆಡಲು ಬಿಡದೆ, ಬಲ್ಲವರನ್ನು ಕರೆಸಿ ತೋರಿಸಿ.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ: ಗೋಡೆಯ ಉದ್ದ 4 ಮೀಟರ್, ನೀರಿನ ಆಳ ಒಂದೂವರೆ ಮೀಟರ್. ಬಲ ಎಷ್ಟು, ಅದರ ಕೇಂದ್ರ ಎಲ್ಲಿ? ನಾಲ್ಕೂವರೆ ಟನ್, ತಳದಿಂದ ಅರ್ಧ ಮೀಟರ್ ಮೇಲೆ ಎಂದು ಬಂದರೆ ನಿಮ್ಮ ಲೆಕ್ಕ ಸರಿ. ಮುಂದೆ ಟೇಪು ಹಿಡಿದು ನಿಮ್ಮ ಮನೆಯ ತೊಟ್ಟಿಯನ್ನೇ ಅಳೆಯಿರಿ.