ಹಳೇದು ವರ್ಸಸ್ ಹೊಸದು – ಕಂತು 4: ಡಕ್‌ಟೇಲ್ ಎದುರು ಜಿಟಿ3

ಮೊದಲ ಫೋಟೋ 1973ರ ಪೋರ್ಷೆ 911 ಕರೇರಾ ಆರ್‌ಎಸ್ 2.7. ಸ್ವೈಪ್ ಮಾಡಿದ್ರೆ 2021ರ 911 ಜಿಟಿ3. ಒಂದೇ ಮನೆತನ. ಎರಡಕ್ಕೂ ಇಂಜಿನ್ ಹಿಂದೆ, ಆರು ಸಿಲಿಂಡರ್, ಟರ್ಬೊ ಇಲ್ಲ. ಯಾವುದು ಮೇಲು ಅಂತ ಕ್ಲಾಸಲ್ಲಿ ಜಗಳ ಮುಗಿಯೋದೇ ಇಲ್ಲ. ಇವತ್ತು ನನ್ನ ತೀರ್ಪು ಹೇಳ್ತೀನಿ, ಒಪ್ಪದೇ ಇದ್ರೆ ಕಾಮೆಂಟಿಗೆ ಬನ್ನಿ.

ಮೊದಲು ನಂಬರ್ ನೋಡಿಬಿಡೋಣ 👇

▪️ಆರ್‌ಎಸ್: 210 ಅಶ್ವಶಕ್ತಿ, 100 ಕಿ.ಮೀ. ವೇಗಕ್ಕೆ 5.8 ಸೆಕೆಂಡ್.
▪️ಜಿಟಿ3: 510 ಅಶ್ವಶಕ್ತಿ, ಪಿಡಿಕೆ ಗೇರ್‌ಬಾಕ್ಸಲ್ಲಿ 3.4 ಸೆಕೆಂಡ್. ಇಂಜಿನ್ 9,000 ಆರ್‌ಪಿಎಂ ತನಕ ಕೂಗುತ್ತೆ. ನ್ಯೂರ್‌ಬರ್ಗ್‌ರಿಂಗ್‌ನ 20.8 ಕಿ.ಮೀ. ಸುತ್ತು 7 ನಿಮಿಷದೊಳಗೆ ಮುಗಿಸಿದೆ.

ಇಲ್ಲಿಗೇ ನಿಲ್ಲಿಸಿದ್ರೆ ಆಟ ಮುಗೀತು. ಆದ್ರೆ ತೂಕ ನೋಡಿ. ಹಗುರ ಆವೃತ್ತಿಯ ಆರ್‌ಎಸ್ 960 ಕೆ.ಜಿ., ಮ್ಯಾನುವಲ್ ಜಿಟಿ3 1,418. ಅಂದ್ರೆ ಹೊಸ ಕಾರು ಹತ್ತಿರ ಹತ್ತಿರ ಒಂಬತ್ತು ಮೂಟೆ ಅಕ್ಕಿ ಹೊತ್ಕೊಂಡು ಓಡ್ತಿದೆ!

ಆರ್‌ಎಸ್ ಮಾಡಿದವರು ಶಕ್ತಿ ಸೇರಿಸಿದ್ದಕ್ಕಿಂತ ಭಾರ ಕಳೆದದ್ದೇ ಹೆಚ್ಚು. ಹಿಂದಿನ ಸೀಟು ಹೋಯ್ತು, ಗಡಿಯಾರ ಹೋಯ್ತು, ತಗಡು, ಗಾಜು ಎಲ್ಲ ತೆಳುವಾಯ್ತು. ಬಾತುಕೋಳಿ ಬಾಲದ ಥರ ಇರೋ ಆ ಸ್ಪಾಯ್ಲರ್ ಕೂಡ ಶೋಕಿಗಲ್ಲ. ವೇಗದಲ್ಲಿ ಗಾಳಿ ಹಿಂಭಾಗವನ್ನ ಎತ್ತೋದನ್ನ ತಡೆಯೋಕೆ. ರೇಸಿಗೆ ಅರ್ಹತೆ ಸಿಗಲಿ ಅಂತ 500 ಕಾರು ಮಾಡೋ ಲೆಕ್ಕ ಇತ್ತು, ಕೊನೆಗೆ 1,580 ಆಯ್ತು.

ಹಾಗಂತ 'ಹಳೇ ಕಾಲವೇ ಚೆಂದ' ಅನ್ನೋರ ಜೊತೆ ನಾನಿಲ್ಲ. ಆರ್‌ಎಸ್‌ನಲ್ಲಿ ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ. ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಭಾರವಾದ ಹಿಂಭಾಗ ಹೊರಕ್ಕೆ ಬೀಸುತ್ತೆ. ಆ ಒಂಬತ್ತು ಮೂಟೆಯಲ್ಲಿ ಒಂದಷ್ಟು ನಿಮ್ಮ ಜೀವ ಉಳಿಸೋ ತೂಕ ಅನ್ನೋದು ಮರೀಬೇಡಿ. ನನ್ನ ತಮ್ಮನ ಕೈಗೆ ಕೀ ಕೊಡೋದಾದ್ರೆ ಕಣ್ಣುಮುಚ್ಚಿ ಜಿಟಿ3ನೇ ಕೊಡ್ತೀನಿ.

ಈಗ ನನ್ನ ತಕರಾರು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವೇಗದ ಮಿತಿ 100. ಜಿಟಿ3 ಅಲ್ಲಿಗೆ 3.4 ಸೆಕೆಂಡಲ್ಲಿ ಮುಟ್ಟುತ್ತೆ. ಆಮೇಲೆ? ಮಿಕ್ಕಿದ್ದೆಲ್ಲ ಟ್ರ್ಯಾಕಿಗೆ ಸೇರಿದ್ದು. ರಸ್ತೆಯಲ್ಲಿ 100 ಅನ್ನೋದು ಅದಕ್ಕೆ ನಡಿಗೆ ಇದ್ದಂಗೆ. ಏನೂ ಅನ್ಸಲ್ಲ, ಅದಕ್ಕೇ ಕಾಲು ಇನ್ನೂ ಒತ್ತುತ್ತೆ. ಆ ಹೆಚ್ಚುವರಿ ಮಜಾದ ಬೆಲೆ ತೆರೋನು ಪಕ್ಕದಲ್ಲಿ ಬೈಕಲ್ಲಿ ಹೋಗ್ತಿರೋ ಯಾರೋ. ಹಗುರವಾದ ಹಳೇ ಕಾರಲ್ಲಿ ಸ್ಟೀರಿಂಗ್ ಕೈಗೆ ಮಾತಾಡುತ್ತೆ, ಗೇರ್ ನೀವೇ ಹಾಕ್ಬೇಕು. 70ರಲ್ಲೇ ಎರಡೂ ಕೈ, ಎರಡೂ ಕಾಲು, ತಲೆ ಎಲ್ಲಕ್ಕೂ ಕೆಲಸ. ಖುಷಿ ಮಿತಿಯೊಳಗೇ ಸಿಗುತ್ತೆ.

ನನ್ನ ತೀರ್ಪು: ಯಂತ್ರವಾಗಿ ಜಿಟಿ3 ಮೇಲು, ಯೋಚನೆಯಾಗಿ ಆರ್‌ಎಸ್ ಮೇಲು.

ಇವೆರಡೂ ನಮ್ಮ ಜೇಬಿಗೆ ದೂರ, ಗೊತ್ತು. ಆದ್ರೆ ನಾಳೆ ನೀವು ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್ ತಗೊಳ್ಳೋವಾಗಲೂ ಇದೇ ಲೆಕ್ಕ. 'ಎಷ್ಟು ಪವರ್?' ಅಂತ ಶುರು ಮಾಡ್ಬೇಡಿ. ತೂಕ ಎಷ್ಟು, ಬ್ರೇಕ್ ಹೇಗಿದೆ, ಟೈರ್ ಯಾವ ವರ್ಷದ್ದು ಅಂತ ಕೇಳಿ. ರೀಲ್ಸಿಗೆ ನಂಬರ್ ಸಾಕು, ರಸ್ತೆಗೆ ಸಾಲಲ್ಲ.

ನೀವು ಯಾವ ಕಡೆ? ಡಕ್‌ಟೇಲ್ ಆದ್ರೆ 🦆, ಜಿಟಿ3 ಆದ್ರೆ 🏁 ಹಾಕಿ. ಕಾರಣ ಬರೆಯದೇ ಬರೀ ಇಮೋಜಿ ಹಾಕಿದ್ರೆ ಲೆಕ್ಕಕ್ಕಿಲ್ಲ.

#ಹಳೇದುವರ್ಸಸ್‌ಹೊಸದು #ಕನ್ನಡದಲ್ಲಿಕಾರು #ಪೋರ್ಷೆ911